ಚೀಟಿಯಲ್ಲಿ ಹೆಸರಿಲ್ಲದ ಭಾಗಗಳು: ರೈಜನ್ 5600 ಮತ್ತು ಆರ್‌ಎಕ್ಸ್ 6600 ಗೇಮಿಂಗ್ ಸೆಟ್‌ನ ವಿಮರ್ಶೆ

ಕಂಪ್ಯೂಟರ್ ಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಅರವತ್ತು ಸಾವಿರದೊಳಗೆ ಒಂದು ಗೇಮಿಂಗ್ ಪಿಸಿ ಬೇಕು ಎಂದು ಕೇಳಿದರೆ ಕೈಗೆ ಬರುವ ಕೊಟೇಶನ್ ಹೆಚ್ಚಾಗಿ ಹೀಗಿರುತ್ತದೆ: ರೈಜನ್ 5 ಪ್ರೊಸೆಸರ್, ಗೇಮಿಂಗ್ ಬೋರ್ಡ್, 16 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ, 8 ಜಿಬಿ ಗ್ರಾಫಿಕ್ಸ್ ಕಾರ್ಡ್, 500 ವಾಟ್ ಎಸ್‌ಎಂಪಿಎಸ್, ಆರ್‌ಜಿಬಿ ಕ್ಯಾಬಿನೆಟ್. ಏಳು ಸಾಲು, ಕೆಳಗೆ ಒಂದು ಮೊತ್ತ. ಈ ಏಳರಲ್ಲಿ ಒಂದು ಸಾಲೂ ನೀವು ಏನನ್ನು ಕೊಳ್ಳುತ್ತಿದ್ದೀರಿ ಎಂದು ಹೇಳುವುದಿಲ್ಲ. ಇದೇ ಚೀಟಿಗೆ ಸರಿಹೊಂದುವಂತೆ ಎರಡು ಪಿಸಿ ಜೋಡಿಸಬಹುದು. ಒಂದು ಐದು ವರ್ಷ ನೆಮ್ಮದಿಯಾಗಿ ಆಡಿಸುತ್ತದೆ, ಇನ್ನೊಂದು ಮೊದಲ ಬೇಸಿಗೆಯಲ್ಲೇ ಕೈಕೊಡುತ್ತದೆ.

ಇಲ್ಲಿ ನೋಡುತ್ತಿರುವುದು ಒಂದು ನಿರ್ದಿಷ್ಟ ಸೆಟ್: ಎಎಂಡಿ ರೈಜನ್ 5 5600, ಬಿ550 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4, ರೇಡಿಯಾನ್ ಆರ್‌ಎಕ್ಸ್ 6600, 550 ವಾಟ್ ಬ್ರಾಂಜ್ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ ಡಬ್ಬಿ). 1080ಪಿ (ಫುಲ್ ಎಚ್‌ಡಿ) ಮಾನಿಟರ್‌ನಲ್ಲಿ ಆಡುವವರಿಗೆ ಕಡಿಮೆ ದುಡ್ಡಿನಲ್ಲಿ ಸಿಗುವ ಸಮತೂಕದ ಜೋಡಿಗಳಲ್ಲಿ ಇದೊಂದು. ಭಾಗಗಳೆಲ್ಲ ಹಳೆಯವು, ಅದು ನಿಜ. ಆದರೆ ಹಳೆಯದಾಗಿರುವುದರಿಂದಲೇ ಇವುಗಳ ಗುಣದೋಷ ಎಲ್ಲ ಹೊರಬಿದ್ದಿದೆ, ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಮತ್ತು ಡ್ರೈವರ್‌ಗಳು ಪಳಗಿವೆ. ದುಡ್ಡು ಬಿಗಿಯಾಗಿರುವಾಗ ಇದು ಸಣ್ಣ ವಿಷಯವಲ್ಲ.

ಬೆಲೆ ವಾರವಾರ ಏರಿಳಿಯುವುದರಿಂದ ಪಾಲು ಲೆಕ್ಕದಲ್ಲಿ ಹೇಳುವುದು ವಾಸಿ. ಮಾನಿಟರ್ ಬಿಟ್ಟು ಅರವತ್ತು ಸಾವಿರ ಇದೆ ಎಂದರೆ ಶೇ 40ರ ಆಸುಪಾಸು ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ. ಎಸ್‌ಎಂಪಿಎಸ್‌ಗೆ ಶೇ 7ರಿಂದ 8 ತೆಗೆದಿಡಿ, ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಕ್ಯಾಬಿನೆಟ್ ಶೇ 5 ದಾಟುವುದು ಬೇಡ. ಉಳಿದದ್ದನ್ನು ಪ್ರೊಸೆಸರ್, ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ ಹಂಚಿಕೊಳ್ಳಲಿ. ಅಂಗಡಿಯವರು ಹೇಳುವ ಮೊತ್ತದಲ್ಲಿ ಶೇ 18 ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂದು ಮೊದಲೇ ಕೇಳಿ. ಜಿಎಸ್‌ಟಿ ಬೇರೆ ಎಂದರೆ ಅರವತ್ತು ಸಾವಿರ ಎಪ್ಪತ್ತು ಸಾವಿರದ ಎಂಟುನೂರು ಆಗುತ್ತದೆ.

ಗ್ರಾಫಿಕ್ಸ್ ಕಾರ್ಡ್

ಆರ್‌ಎಕ್ಸ್ 6600 ಬಂದದ್ದು 2021ರ ಅಕ್ಟೋಬರ್‌ನಲ್ಲಿ. 1792 ಶೇಡರ್ (ಚಿತ್ರದ ಲೆಕ್ಕ ಹಾಕುವ ಸಣ್ಣ ಘಟಕಗಳು), 8 ಜಿಬಿ ಜಿಡಿಡಿಆರ್6 ಮೆಮೊರಿ, ಆ ಮೆಮೊರಿಗೆ 128 ಬಿಟ್ ದಾರಿ, 132 ವಾಟ್ ವಿದ್ಯುತ್, ಒಂದೇ ಒಂದು 8 ಪಿನ್ ಕನೆಕ್ಟರ್. ವ್ಯಾಲರಂಟ್, ಸಿಎಸ್2 ತರಹದ ಆಟಗಳಲ್ಲಿ 144 ಹರ್ಟ್ಸ್ ಮಾನಿಟರ್‌ಗೆ ಬೇಕಾದಷ್ಟು ಫ್ರೇಮ್ ಆರಾಮವಾಗಿ ಕೊಡುತ್ತದೆ. ಸೈಬರ್‌ಪಂಕ್ 2077ರಂಥ ಭಾರದ ಆಟಗಳಲ್ಲಿ 1080ಪಿ ಹೈ ಸೆಟ್ಟಿಂಗ್ ಇಟ್ಟು ರೇ ಟ್ರೇಸಿಂಗ್ (ಬೆಳಕು ನೆರಳನ್ನು ನಿಜದಂತೆ ತೋರಿಸುವ ಸೌಲಭ್ಯ) ಆಫ್ ಮಾಡಿದರೆ ಸೆಕೆಂಡಿಗೆ 60 ಫ್ರೇಮ್ ಆಸುಪಾಸು ಓಡುತ್ತದೆ. ರೇ ಟ್ರೇಸಿಂಗ್ ಆನ್ ಮಾಡುವ ಆಸೆ ಈ ಕಾರ್ಡಿನ ಮೇಲೆ ಬೇಡ, ಅದಕ್ಕೆ ಬೇಕಾದ ಬಲ ಇದರಲ್ಲಿಲ್ಲ. ಹೊಸ ಅನ್‌ರಿಯಲ್ ಎಂಜಿನ್ 5 ಆಟಗಳಿಗೆ ಮೀಡಿಯಂ ಸೆಟ್ಟಿಂಗ್ ಜೊತೆಗೆ ಎಫ್‌ಎಸ್‌ಆರ್ (ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಹಿಗ್ಗಿಸುವ ಎಎಂಡಿಯ ತಂತ್ರ) ಹಾಕಿಕೊಳ್ಳಬೇಕಾಗುತ್ತದೆ.

ಈಗ ಚೀಟಿಯ ಸಾಲಿಗೆ ಬರೋಣ. "8 ಜಿಬಿ ಗ್ರಾಫಿಕ್ಸ್ ಕಾರ್ಡ್" ಎಂಬ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ದಾಟಿಸುವ ಮಾಲು ಆರ್‌ಎಕ್ಸ್ 580 2048ಎಸ್‌ಪಿ. ಅಸಲಿ ಆರ್‌ಎಕ್ಸ್ 580 ಬಂದದ್ದು 2017ರಲ್ಲಿ, ಅದರಲ್ಲಿ 2304 ಶೇಡರ್ ಇದ್ದವು. 2048ಎಸ್‌ಪಿ ಎಂದರೆ ಅದರ ಕೆಳಗಿನ ಆರ್‌ಎಕ್ಸ್ 570ಕ್ಕೆ ಇದ್ದಷ್ಟೇ ಶೇಡರ್‌ಗಳಿಗೆ 580ರ ಹೆಸರು ಕೊಟ್ಟದ್ದು. ಹೆಸರು ಕೇಳಿರದ ಬ್ರ್ಯಾಂಡಿನ ಹೊಸ ಡಬ್ಬಿ, ಹೊಳೆಯುವ ಫ್ಯಾನ್, ಒಳಗೆ ಮೈನಿಂಗ್‌ನಲ್ಲಿ ವರ್ಷಗಟ್ಟಲೆ ದುಡಿದ ಚಿಪ್ ಇರುವ ಸಾಧ್ಯತೆ ಬಹಳ. 8 ಜಿಬಿ ಎನ್ನುವ ಮಾತು ಸುಳ್ಳಲ್ಲ. ಆದರೆ ಕಾರ್ಡಿನ ಶಕ್ತಿ ಮೆಮೊರಿಯ ಗಾತ್ರದಿಂದ ತಿಳಿಯುವುದಿಲ್ಲ, ಅದರ ಹಿಂದಿರುವ ಚಿಪ್‌ನಿಂದ ತಿಳಿಯುತ್ತದೆ.

ಎರಡನೆಯ ಗೊಂದಲ ಆರ್‌ಟಿಎಕ್ಸ್ 3050. ಒಂದೇ ಹೆಸರಿನಲ್ಲಿ ಎರಡು ಕಾರ್ಡ್‌ಗಳಿವೆ. 2022ರ 8 ಜಿಬಿ ಕಾರ್ಡಿನಲ್ಲಿ 2560 ಕೋರ್, 128 ಬಿಟ್. 2024ರ 6 ಜಿಬಿ ಕಾರ್ಡಿನಲ್ಲಿ 2304 ಕೋರ್, 96 ಬಿಟ್. ಮೆಮೊರಿ ವೇಗ ಸೆಕೆಂಡಿಗೆ 224 ಜಿಬಿಯಿಂದ 168ಕ್ಕೆ ಇಳಿದಿದೆ. 6 ಜಿಬಿ ಕಾರ್ಡಿಗೂ ಒಂದು ಸರಿಯಾದ ಜಾಗ ಇದೆ: 70 ವಾಟ್ ಮಾತ್ರ ಎಳೆಯುವುದರಿಂದ ಹೆಚ್ಚಿನ ಮಾಡೆಲ್‌ಗಳಿಗೆ ಬೇರೆ ಪವರ್ ಕೇಬಲ್ ಬೇಡ, ಆಫೀಸಿನಿಂದ ಬಂದ ಹಳೆಯ ಡೆಲ್ ಅಥವಾ ಎಚ್‌ಪಿ ಡೆಸ್ಕ್‌ಟಾಪ್‌ಗೆ ನೇರವಾಗಿ ಸಿಕ್ಕಿಸಬಹುದು. ಹೊಸದಾಗಿ ಜೋಡಿಸುವ ಪಿಸಿಗೆ ಅದು ಬೇಡ.

ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬುದನ್ನು ಯಾರಾದರೂ "6600 ಹತ್ತಿರ ಹತ್ತಿರ" ಎಂದು ತೋರಿಸಿದರೆ ಅಲ್ಲೇ ನಿಲ್ಲಿಸಿ. ಅದರ ಸಾಮಾನ್ಯ ಮಾಡೆಲ್‌ನಲ್ಲಿರುವುದು 4 ಜಿಬಿ ಮೆಮೊರಿ. ಬೋರ್ಡಿನೊಂದಿಗೆ ಮಾತಾಡಲು ಅದಕ್ಕಿರುವುದು ಬರೀ ನಾಲ್ಕು ಪಿಸಿಐಇ ಲೇನ್ (ಕಾರ್ಡ್ ಮತ್ತು ಬೋರ್ಡ್ ನಡುವಿನ ಡೇಟಾ ದಾರಿಗಳು). ಆಟ 4 ಜಿಬಿ ಮೀರಿದ ಕೂಡಲೇ ಆ ನಾಲ್ಕು ಲೇನ್‌ಗಳ ಮೂಲಕವೇ ಸಿಸ್ಟಂ ರ‍್ಯಾಮ್‌ನಿಂದ ಡೇಟಾ ತರಿಸಬೇಕು. ಬಿ550ಕ್ಕಿಂತ ಕೆಳಗಿನ ಎ520 ಬೋರ್ಡಿನಲ್ಲಿ ಹಳೆಯ ಪಿಸಿಐಇ 3.0 ಇರುವುದರಿಂದ ಆ ದಾರಿ ಸೆಕೆಂಡಿಗೆ ಸುಮಾರು 4 ಜಿಬಿಗೆ ಕುಗ್ಗುತ್ತದೆ, ಆಟ ತಡವರಿಸತೊಡಗುತ್ತದೆ. ಜೊತೆಗೆ ಅದರಲ್ಲಿ ವಿಡಿಯೊ ಎನ್‌ಕೋಡರ್ ಇಲ್ಲ, ಅಂದರೆ ಆಡುತ್ತಾ ರೆಕಾರ್ಡ್ ಮಾಡುವ ಕೆಲಸವೆಲ್ಲ ಪ್ರೊಸೆಸರ್ ಹೆಗಲಿಗೆ ಬೀಳುತ್ತದೆ. 6600ಕ್ಕೆ ಎಂಟು ಲೇನ್, ಎರಡು ಪಟ್ಟು ಮೆಮೊರಿ. ಹಾಗಾಗಿ ಪಿಸಿಐಇ 3.0 ಬೋರ್ಡಿನಲ್ಲೂ ಅದು ಕಳೆದುಕೊಳ್ಳುವುದು ಬಹಳ ಕಡಿಮೆ.

ಇನ್ನೂ ಸ್ವಲ್ಪ ಹೆಚ್ಚು ಹಾಕುವ ಶಕ್ತಿ ಇದ್ದರೆ ಆರ್‌ಟಿಎಕ್ಸ್ 4060 ಅಥವಾ 5060 ಒಳ್ಳೆಯ ಹೆಜ್ಜೆ, ಇದೇ ಎಸ್‌ಎಂಪಿಎಸ್ ಸಾಕು. ಯೂಟ್ಯೂಬ್‌ಗೆ ಲೈವ್ ಮಾಡುವವರು, ಬ್ಲೆಂಡರ್ ಬಳಸುವವರು ಎನ್ವಿಡಿಯಾ ಕಡೆಗೇ ಹೋಗುವುದು ಲೇಸು. ಅದರ ಎನ್‌ಕೋಡರ್ ಮತ್ತು ಕೂಡಾ (CUDA) ಎಂಬ ಲೆಕ್ಕಾಚಾರದ ವ್ಯವಸ್ಥೆಗೆ ಸಮನಾದದ್ದು 6600ರಲ್ಲಿ ಇಲ್ಲ. ಇಂಟೆಲ್ ಆರ್ಕ್ ಬಿ580 12 ಜಿಬಿ ಮೆಮೊರಿಯಿಂದ ಆಸೆ ಹುಟ್ಟಿಸುತ್ತದೆ. ಆದರೆ ಅದರ ಡ್ರೈವರ್ ಪ್ರೊಸೆಸರ್ ಮೇಲೆ ಹೆಚ್ಚು ಭಾರ ಹಾಕುತ್ತದೆ, 5600ರ ಜೊತೆ ಹಲವು ಆಟಗಳಲ್ಲಿ ಅದರ ಪೂರ್ತಿ ಶಕ್ತಿ ಹೊರಬರುವುದಿಲ್ಲ. ಈ ಸೆಟ್‌ಗೆ ಅದು ಜೋಡಿಯಲ್ಲ.

ಪ್ರೊಸೆಸರ್ ಮತ್ತು ಬೋರ್ಡ್

"ರೈಜನ್ 5" ಎಂಬ ಎರಡೇ ಪದದಲ್ಲಿ ನಾಲ್ಕು ಬೇರೆ ಬೇರೆ ವಸ್ತು ಅಡಗಿವೆ. 5600, 5600ಜಿ, 5500, 4500. ನಾಲ್ಕರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್ ಎಂದೇ ಬರೆದಿರುತ್ತದೆ. ವ್ಯತ್ಯಾಸ ಇರುವುದು ಎಲ್3 ಕ್ಯಾಶ್‌ನಲ್ಲಿ, ಅಂದರೆ ಪ್ರೊಸೆಸರ್ ಒಳಗಿನ ವೇಗದ ಮೆಮೊರಿಯಲ್ಲಿ: 5600ಕ್ಕೆ 32 ಎಂಬಿ, 5600ಜಿ ಮತ್ತು 5500ಕ್ಕೆ 16, 4500ಕ್ಕೆ 8. ಆಟಗಳು ಪದೇ ಪದೇ ಕೇಳುವ ಡೇಟಾ ಕ್ಯಾಶ್‌ನಲ್ಲೇ ಸಿಕ್ಕರೆ ರ‍್ಯಾಮ್‌ವರೆಗೆ ಹೋಗಿ ಬರುವ ಸಮಯ ಉಳಿಯುತ್ತದೆ. ಫ್ರೇಮ್ ರೇಟ್ ಸರಾಸರಿಯಲ್ಲಿ ಚೆನ್ನಾಗಿದ್ದು ನಡುನಡುವೆ ಜರ್ಕ್ ಹೊಡೆಯುವುದಕ್ಕೆ ಈ ಕ್ಯಾಶ್ ಕೊರತೆಯೂ ಒಂದು ಕಾರಣ. 5600 ಬಿಟ್ಟು ಉಳಿದ ಮೂರೂ ಪಿಸಿಐಇ 3.0 ಮಾತ್ರ ಕೊಡುತ್ತವೆ, ಬಿ550 ಬೋರ್ಡಿಗೆ ಕೊಟ್ಟ ದುಡ್ಡು ಅಲ್ಲಿ ವ್ಯರ್ಥ. 5600ಜಿ ಒಂದರಲ್ಲಿ ಮಾತ್ರ ಒಳಗೇ ಗ್ರಾಫಿಕ್ಸ್ ಇದೆ. ಈಗ ಕಾರ್ಡಿಗೆ ದುಡ್ಡಿಲ್ಲ, ಆರು ತಿಂಗಳು ಬಿಟ್ಟು ಹಾಕುತ್ತೇನೆ ಎನ್ನುವವರಿಗೆ ಅದು ಸರಿ, ಬೇರೆಯವರಿಗಲ್ಲ.

ಡಬ್ಬಿಯಲ್ಲಿ ಬರುವ 5600ರ ಜೊತೆ ರೈತ್ ಸ್ಟೆಲ್ತ್ ಕೂಲರ್ ಇರುತ್ತದೆ, ಗೇಮಿಂಗ್‌ಗೆ ಅಷ್ಟು ಸಾಕು. ಅಂಗಡಿಯಲ್ಲಿ "ಟ್ರೇ" ಪ್ರೊಸೆಸರ್ ಎಂದು ಸಾವಿರ ಕಡಿಮೆಗೆ ಕೊಡುವುದುಂಟು. ಅದಕ್ಕೆ ಕೂಲರ್ ಇಲ್ಲ, ಕಂಪನಿಯ ನೇರ ವಾರಂಟಿಯೂ ಇಲ್ಲ. ಉಳಿದ ಸಾವಿರ ಕೂಲರ್ ಕೊಳ್ಳುವುದಕ್ಕೇ ಹೋಗುತ್ತದೆ.

ಇಂಟೆಲ್ ಬೇಕೆನ್ನುವವರಿಗೆ ಐ5-12400ಎಫ್ ಸರಿಸಮ. ಎಚ್610 ಬೋರ್ಡಿನಲ್ಲೂ ಗ್ರಾಫಿಕ್ಸ್ ಸ್ಲಾಟ್‌ಗೆ ಪಿಸಿಐಇ 4.0 ಸಿಗುತ್ತದೆ, ಡಿಡಿಆರ್4 ಹಾಕುವ ಬೋರ್ಡ್ ಕೇಳಿ ತೆಗೆದುಕೊಳ್ಳಬೇಕು ಅಷ್ಟೇ. ಎರಡರಲ್ಲಿ ಆ ದಿನ ಬೋರ್ಡ್ ಸಮೇತ ಯಾವುದು ಅಗ್ಗವೋ ಅದೇ ಒಳ್ಳೆಯದು.

"ಐ7, 16 ಜಿಬಿ, 8 ಜಿಬಿ ಗ್ರಾಫಿಕ್ಸ್, ಇಪ್ಪತ್ತೆರಡು ಸಾವಿರ" ಎಂಬ ಆನ್‌ಲೈನ್ ಜಾಹೀರಾತುಗಳ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು, ಏಕೆಂದರೆ ಊರಿನಿಂದ ತರಿಸಿಕೊಳ್ಳುವ ಹುಡುಗರು ಮೋಸ ಹೋಗುವುದು ಇಲ್ಲೇ. ಆ ಐ7 ಹೆಚ್ಚಾಗಿ 2011ರ 2600 ಅಥವಾ 2013ರ 4770. ಬೋರ್ಡ್ ಹೊಸದಾಗಿ ಕಂಡರೂ ಹಳೆಯ ಚಿಪ್‌ಸೆಟ್ ಮೇಲೆ ಮಾಡಿದ್ದು. ವಿಂಡೋಸ್ 11 ಅಧಿಕೃತವಾಗಿ ಇದರಲ್ಲಿ ನಡೆಯುವುದಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವ್ಯಾಲರಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0 (ಭದ್ರತಾ ಚಿಪ್) ಮತ್ತು ಸೆಕ್ಯೂರ್ ಬೂಟ್ (ನಂಬಬಹುದಾದ ತಂತ್ರಾಂಶದಿಂದಷ್ಟೇ ಪಿಸಿ ಏಳುವ ವ್ಯವಸ್ಥೆ) ಕೇಳುತ್ತದೆ. ಆ ಯಂತ್ರಗಳಲ್ಲಿ ಟಿಪಿಎಂ 2.0 ಇರುವುದೇ ಇಲ್ಲ.

ಬೋರ್ಡ್ ವಿಷಯಕ್ಕೆ ಬಂದರೆ, ಗಿಗಾಬೈಟ್ ಬಿ550ಎಂ ಡಿಎಸ್3ಎಚ್, ಎಂಎಸ್‌ಐ ಬಿ550ಎಂ ಪ್ರೊ-ವಿಡಿಎಚ್ ವೈಫೈ ಈ ಸೆಟ್‌ಗೆ ಸರಿಯಾದವು. ಎರಡರಲ್ಲೂ ನಾಲ್ಕು ರ‍್ಯಾಮ್ ಸ್ಲಾಟ್ ಇವೆ. ಎ520 ತೆಗೆದುಕೊಂಡರೆ ತಪ್ಪೇನಿಲ್ಲ, ಪಿಸಿಐಇ 3.0ಗೆ ಇಳಿಯುತ್ತೀರಿ, ಹೆಚ್ಚಿನ ಎ520 ಬೋರ್ಡ್‌ಗಳಲ್ಲಿ ರ‍್ಯಾಮ್ ಸ್ಲಾಟ್ ಎರಡೇ. ಬಿ450ರ ಹಳೆಯ ದಾಸ್ತಾನು ಕೊಟ್ಟರೆ ಬಯೋಸ್ ಅಪ್‌ಡೇಟ್ ಮಾಡಿಸಿಯೇ ತನ್ನಿ. ಇಲ್ಲದಿದ್ದರೆ 5600 ಹಾಕಿದಾಗ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ, ಮನೆಯಲ್ಲಿ ಕೂತು ಯಾವ ಭಾಗ ಕೆಟ್ಟಿದೆ ಎಂದು ಹುಡುಕುತ್ತಾ ಎರಡು ದಿನ ಕಳೆಯುತ್ತದೆ.

ರ‍್ಯಾಮ್, ಎಸ್‌ಎಸ್‌ಡಿ

16 ಜಿಬಿ ಎಂದರೆ ಒಂದೇ 16ರ ಕಡ್ಡಿಯೋ, 8ರ ಎರಡೋ? ಈ ಒಂದು ಪ್ರಶ್ನೆ ಕೇಳದೆ ಚೀಟಿಗೆ ಒಪ್ಪಬೇಡಿ. ಡಿಡಿಆರ್4-3200 ಕಡ್ಡಿ ಒಂದೇ ಇದ್ದರೆ ದಾರಿ ಸೆಕೆಂಡಿಗೆ 25.6 ಜಿಬಿ, ಎರಡಿದ್ದರೆ 51.2. ಆಟದಲ್ಲಿ, ಅದರಲ್ಲೂ ವೇಗದ ಶೂಟಿಂಗ್ ಆಟಗಳಲ್ಲಿ, ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಸಿಎಲ್16 (ಮೆಮೊರಿ ಉತ್ತರಿಸಲು ಮಾಡುವ ತಡದ ಅಳತೆ) ಇರುವ 3200 ಕಿಟ್ ಸಾಕು. 2025ರ ಕೊನೆಯ ತಿಂಗಳುಗಳಿಂದ ಎಐ ಸರ್ವರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ಜಿಗಿದಿದೆ. ಡಿಡಿಆರ್5 ಇಲ್ಲದೆ ನಡೆಯದ, ಎಎಂಡಿಯ ಹೊಸ ಸಾಕೆಟ್ ಎಎಂ5 ಇರುವ ಬೋರ್ಡಿಗಿಂತ ಈ ಹಳೆಯ ಎಎಂ4 ಸೆಟ್ ಈಗಲೂ ಲೆಕ್ಕಕ್ಕೆ ಬರಲು ಅದೂ ಒಂದು ಕಾರಣ. ಮನೆಯ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಡಿಡಿಆರ್4 ಕಡ್ಡಿಗಳಿದ್ದರೆ ಅವನ್ನೇ ಹಾಕಿ ಶುರುಮಾಡಬಹುದು, ಲ್ಯಾಪ್‌ಟಾಪ್ ಕಡ್ಡಿ ಮಾತ್ರ ಅಳತೆಯೇ ಬೇರೆ, ಕೂರುವುದಿಲ್ಲ.

ಎಸ್‌ಎಸ್‌ಡಿ ಎನ್‌ವಿಎಂಇ (ಬೋರ್ಡಿಗೇ ನೇರವಾಗಿ ಸಿಕ್ಕಿಸುವ ವೇಗದ ಬಗೆ) ಇರಲಿ, ಸಾಧ್ಯವಾದರೆ 1 ಟಿಬಿ. ಈಗಿನ ದೊಡ್ಡ ಆಟಗಳು ಒಂದೊಂದೇ 100 ಜಿಬಿ ದಾಟುತ್ತವೆ, 512ರಲ್ಲಿ ವಿಂಡೋಸ್ ಹೋಗಿ ಮೂರು ಆಟಕ್ಕೆ ಜಾಗ ಮುಗಿಯುತ್ತದೆ. ಟಿಎಲ್‌ಸಿ ಎಂಬ ಬಗೆಯ ಫ್ಲ್ಯಾಶ್ (ಡೇಟಾ ಉಳಿಸುವ ಚಿಪ್) ಇದ್ದರೆ ಒಳ್ಳೆಯದು. ಕ್ಯೂಎಲ್‌ಸಿ ಆದರೂ ಆಟ ಲೋಡ್ ಆಗುವುದಕ್ಕೆ ತೊಂದರೆಯಿಲ್ಲ, ದೊಡ್ಡ ಫೈಲ್ ಒಮ್ಮೆಗೇ ಬರೆಯುವಾಗ ಮಾತ್ರ ನಿಧಾನವಾಗುತ್ತದೆ.

ಎಸ್‌ಎಂಪಿಎಸ್

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲಿ ನಿಲ್ಲಬೇಕು, ಯಾಕೆಂದರೆ ಚೀಟಿಯಲ್ಲಿ ಅತಿ ಸುಲಭವಾಗಿ ಕಳಪೆ ಮಾಲು ನುಸುಳುವ ಸಾಲು ಇದು, ಕೆಟ್ಟರೆ ಜೊತೆಗಾರರನ್ನೂ ಸುಟ್ಟುಕೊಂಡು ಹೋಗುವ ಭಾಗವೂ ಇದೇ.

ಮೊದಲು ಲೆಕ್ಕ. 5600ರ ಮೇಲೆ 65 ವಾಟ್ ಎಂದು ಬರೆದಿದ್ದರೂ ಪೂರ್ತಿ ದುಡಿಯುವಾಗ ಸಾಕೆಟ್‌ನಿಂದ 76 ವಾಟ್‌ವರೆಗೆ ಎಳೆಯುತ್ತದೆ. ಕಾರ್ಡ್ 132. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿ 50 ಎನ್ನೋಣ. ಒಟ್ಟು 258. ಹಾಗಾದರೆ 500 ವಾಟ್ ಬೇಕಾದಷ್ಟಾಯಿತಲ್ಲ? ಆಗುತ್ತದೆ, ಅದು ನಿಜವಾದ 500 ಆಗಿದ್ದರೆ.

ಎಸ್‌ಎಂಪಿಎಸ್ ಪಕ್ಕದಲ್ಲಿ ಒಂದು ಅಂಟಿಸಿದ ಪಟ್ಟಿ ಇರುತ್ತದೆ. ಅದರಲ್ಲಿ +12ವಿ ಎಂಬ ಅಂಕಣ ಹುಡುಕಿ, ಅದರ ಕೆಳಗಿನ ಆಂಪ್ ನೋಡಿ, 12ರಿಂದ ಗುಣಿಸಿ. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಬದುಕುವುದು ಈ 12 ವೋಲ್ಟ್ ಸಾಲಿನ ಮೇಲೆಯೇ. ಒಳ್ಳೆಯ 550 ವಾಟ್ ಘಟಕದಲ್ಲಿ ಈ ಗುಣಲಬ್ಧ 500 ದಾಟಿ 550ರ ಸಮೀಪ ಬರುತ್ತದೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಹಗುರ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ 500 ಎಂದಿದ್ದು ಪಟ್ಟಿಯಲ್ಲಿ 18 ಆಂಪ್ ಎಂದಿದ್ದರೆ ನಿಮಗೆ ಸಿಗುವುದು 216 ವಾಟ್. ಉಳಿದದ್ದು ಈ ಪಿಸಿ ಹೆಚ್ಚಾಗಿ ಮುಟ್ಟದ 5 ಮತ್ತು 3.3 ವೋಲ್ಟ್ ಸಾಲುಗಳಲ್ಲಿ ಕಾಗದದ ಮೇಲೆ ಕೂತಿದೆ. ಡೆಸ್ಕ್‌ಟಾಪ್ ತೆರೆದಾಗ ಎಲ್ಲ ಸರಿ, ಆಟ ಶುರುವಾಗಿ ಹತ್ತು ನಿಮಿಷಕ್ಕೆ ಪಿಸಿ ಫಕ್ಕನೆ ಆಫ್ ಅಥವಾ ರೀಸ್ಟಾರ್ಟ್ ಆಗುವ ರೋಗದ ಮೂಲ ಬಹಳ ಸಲ ಇದೇ.

80 ಪ್ಲಸ್ ಬ್ರಾಂಜ್ ಎನ್ನುವುದು ಎಷ್ಟು ವಿದ್ಯುತ್ ಬಿಸಿಯಾಗಿ ಪೋಲಾಗದೆ ಉಳಿಯುತ್ತದೆ ಎಂಬ ಅಳತೆ. ಒಳಗಿನ ರಕ್ಷಣೆಗಳು ಹೇಗಿವೆ ಎಂದು ಅದು ಹೇಳುವುದಿಲ್ಲ. ಆದರೂ ಹೆಸರಿರುವ ಕಂಪನಿಯ ಬ್ರಾಂಜ್ ಘಟಕಗಳಲ್ಲಿ ಓವರ್‌ಕರೆಂಟ್, ಶಾರ್ಟ್ ಸರ್ಕ್ಯೂಟ್ ರಕ್ಷಣೆ ಇದ್ದೇ ಇರುತ್ತವೆ. ಕೋರ್ಸೇರ್ ಸಿಎಕ್ಸ್550, ಡೀಪ್‌ಕೂಲ್ ಪಿಕೆ550ಡಿ, ಎಂಎಸ್‌ಐ ಮ್ಯಾಗ್ ಎ550ಬಿಎನ್ ಇವುಗಳಲ್ಲಿ ಯಾವುದು ಸಿಕ್ಕರೂ ಸರಿ. ಚೀಟಿಯಲ್ಲಿ ಇವುಗಳಲ್ಲೊಂದರ ಪೂರ್ತಿ ಹೆಸರು ಬರೆಸಿಕೊಳ್ಳಿ.

ನಮ್ಮ ಕರೆಂಟಿನ ಮಾತೂ ಇಲ್ಲೇ ಬರಬೇಕು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ ಎಂಬ ದೂರು ಹಳೆಯ ಮನೆಗಳಲ್ಲಿ ಸಾಮಾನ್ಯ. ಎಸ್‌ಎಂಪಿಎಸ್ ಒಳಗೆ ವಿದ್ಯುತ್ ಗದ್ದಲ ತಡೆಯಲು ಎರಡು ಸಣ್ಣ ಕೆಪಾಸಿಟರ್‌ಗಳಿರುತ್ತವೆ, ಒಂದು ಫೇಸ್‌ನಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಲೋಹದ ಮೈಗೆ. ಅರ್ಥಿಂಗ್ ಇಲ್ಲದಿದ್ದರೆ ಇವೆರಡರ ನಡುವೆ ಸಿಕ್ಕ ಕ್ಯಾಬಿನೆಟ್ ಮೈಮೇಲೆ ಮನೆಯ ವೋಲ್ಟೇಜಿನ ಅರ್ಧದಷ್ಟು ನಿಲ್ಲುತ್ತದೆ. ಹರಿಯುವ ಕರೆಂಟ್ ಬಹಳ ಕಡಿಮೆ, ಆದರೂ ಎಚ್‌ಡಿಎಂಐ ಅಥವಾ ಯುಎಸ್‌ಬಿ ಸಿಕ್ಕಿಸುವ ಗಳಿಗೆಯಲ್ಲಿ ಪೋರ್ಟ್ ಸುಡಲು ಸಾಕಾಗಬಹುದು. ಎಲೆಕ್ಟ್ರಿಷಿಯನ್ ಕರೆಸಿ ಮೂರನೆಯ ಪಿನ್‌ಗೆ ಅರ್ಥಿಂಗ್ ನಿಜವಾಗಿ ಇದೆಯೇ ನೋಡಿಸಿ. ಪಿಸಿ ತರುವ ಮೊದಲು ಮಾಡಬೇಕಾದ ಕೆಲಸ ಇದು.

ಯುಪಿಎಸ್‌ಗಳಲ್ಲಿ 600 ವಿಎ ಎಂದು ಬರೆದಿದ್ದರೆ ಅದರ ನಿಜ ಸಾಮರ್ಥ್ಯ ಸಾಮಾನ್ಯವಾಗಿ 360 ವಾಟ್. ಪಿಸಿ ಮತ್ತು ಮಾನಿಟರ್ ಸೇರಿ ಆಟದ ನಡುವೆ 300 ದಾಟಬಹುದು. ಅದರ ಮೇಲೆ, ಅಗ್ಗದ ಯುಪಿಎಸ್ ಬ್ಯಾಟರಿಯಲ್ಲಿ ಮೆಟ್ಟಿಲಿನಾಕಾರದ ಅಲೆ ಕೊಡುತ್ತದೆ, ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿರುವ ಆ್ಯಕ್ಟಿವ್ ಪಿಎಫ್‌ಸಿಗೆ (ವಿದ್ಯುತ್ತನ್ನು ಸಮವಾಗಿ ಎಳೆಯುವ ಸರ್ಕ್ಯೂಟ್) ಕೆಲವೊಮ್ಮೆ ಅದು ಒಗ್ಗುವುದಿಲ್ಲ. ಕರೆಂಟ್ ಹೋದ ಗಳಿಗೆಯಲ್ಲೇ ಪಿಸಿ ಆಫ್ ಆಗುವುದು ಹೀಗೆ. 1000 ವಿಎ ಆಸುಪಾಸಿನದು ತೆಗೆದುಕೊಂಡು, ಆಟ ಸೇವ್ ಮಾಡಿ ಶಟ್‌ಡೌನ್ ಮಾಡುವುದಕ್ಕಷ್ಟೇ ಅದನ್ನು ನೆಚ್ಚಿಕೊಳ್ಳಿ. ಮನೆಯ ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನು ಆನ್ ಇಡಿ. ಮಲೆನಾಡು, ಕರಾವಳಿಯವರು ಮೊದಲ ಮಳೆಯ ಗುಡುಗು ಶುರುವಾದಾಗ ಪ್ಲಗ್ ಜೊತೆಗೆ ಇಂಟರ್‌ನೆಟ್ ಲ್ಯಾನ್ ವೈರನ್ನೂ ಕಿತ್ತಿಡಬೇಕು, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಕ್ಯಾಬಿನೆಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮುಂಭಾಗ ಜಾಲರಿಯಾಗಿರಲಿ, ಗಾಜು ಬೇಡ. ಮುಂದೆ ಎರಡು ಫ್ಯಾನ್ ಗಾಳಿ ಒಳಗೆಳೆಯಲಿ, ಹಿಂದೆ ಒಂದು ಹೊರಗೆ ತಳ್ಳಲಿ. ಗಾಜಿನ ಹಿಂದೆ ಮೂರು ಬಣ್ಣದ ಫ್ಯಾನ್ ಇದ್ದರೆ ಅವು ತಿರುಗುವುದು ನೋಡುವುದಕ್ಕೆ ಮಾತ್ರ, ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಾರ್ಡ್ ಉಸಿರುಗಟ್ಟುತ್ತದೆ. ಕಾರ್ಡಿನ ಉದ್ದ ಕ್ಯಾಬಿನೆಟ್‌ಗೆ ಹಿಡಿಸುತ್ತದೆಯೇ ಎಂದು ಮಿಲಿಮೀಟರ್ ಲೆಕ್ಕದಲ್ಲೇ ನೋಡಿ.

ಜೋಡಿಸುವಾಗ ತಪ್ಪುವುದು ಎಲ್ಲಿ

ರೈತ್ ಸ್ಟೆಲ್ತ್ ಕೂಲರ್ ಹಾಕಬೇಕಾದರೆ ಬೋರ್ಡಿನ ಮೇಲಿನ ಎರಡು ಪ್ಲಾಸ್ಟಿಕ್ ಹಿಡಿಕೆಗಳನ್ನು ಬಿಚ್ಚಬೇಕು. ಬಿಚ್ಚಿದ ಕೂಡಲೇ ಹಿಂಬದಿಯ ಲೋಹದ ತಟ್ಟೆ ಕಳಚಿ ಬೀಳುತ್ತದೆ, ಒಂದು ಕೈ ಹಿಂದೆ ಇಟ್ಟುಕೊಂಡೇ ಬಿಚ್ಚಿ. ಕೂಲರ್ ಕೂರಿಸಿ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳನ್ನು ಕರ್ಣರೇಖೆಯಲ್ಲಿ, ಒಂದೊಂದಕ್ಕೆ ಎರಡೆರಡು ಸುತ್ತಿನಂತೆ ಬಿಗಿಯಬೇಕು. ಒಂದೇ ಮೂಲೆ ಪೂರ್ತಿ ಬಿಗಿದರೆ ಇನ್ನೊಂದು ಬದಿ ಎದ್ದು, ಬಿಸಿಯನ್ನು ಕೂಲರ್‌ಗೆ ದಾಟಿಸುವ ಪೇಸ್ಟ್ ಸರಿಯಾಗಿ ಹರಡುವುದಿಲ್ಲ. ಎಂದಾದರೂ ಕೂಲರ್ ತೆಗೆಯುವಾಗ ಪಿಸಿಯನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಎತ್ತಿ. ನೇರವಾಗಿ ಎಳೆದರೆ ಒಣಗಿದ ಪೇಸ್ಟ್‌ಗೆ ಅಂಟಿಕೊಂಡ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತುಕೊಂಡು ಬರುತ್ತದೆ, ಎಎಂ4ನಲ್ಲಿ ಪಿನ್‌ಗಳು ಪ್ರೊಸೆಸರ್ ಅಡಿಯಲ್ಲೇ ಇರುವುದರಿಂದ ಬಾಗಿದರೆ ಹೋಯಿತು.

ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ರ‍್ಯಾಮ್ ಕಡ್ಡಿಗಳು ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ. ಅಕ್ಕಪಕ್ಕ ಹಾಕಿದರೆ ಎರಡು ಕಡ್ಡಿ ಕೊಂಡದ್ದೂ ದಂಡ. ಕ್ಯಾಬಿನೆಟ್ ಒಳಗಿನ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳು (ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಕಂಬಗಳು) ಬೋರ್ಡಿನ ತೂತುಗಳಿಗೆ ಸರಿಯಾಗಿ ಮಾತ್ರ ಇರಲಿ, ಹೆಚ್ಚುವರಿ ಒಂದು ಉಳಿದು ಬೋರ್ಡಿನ ಬೆನ್ನಿಗೆ ತಾಗಿದರೆ ಶಾರ್ಟ್. ಪ್ರೊಸೆಸರ್‌ನ 8 ಪಿನ್ ಮತ್ತು ಕಾರ್ಡಿನ 8 ಪಿನ್ ನೋಡಲು ಒಂದೇ ತರಹ, ಒಳಗಿನ ವೈರಿಂಗ್ ಬೇರೆ. ಕಾರ್ಡಿನದು 6 ಮತ್ತು 2 ಆಗಿ ಒಡೆಯುತ್ತದೆ, ಪ್ರೊಸೆಸರ್‌ನದು 4 ಮತ್ತು 4 ಆಗಿ. ಸಲೀಸಾಗಿ ಹೋಗದಿದ್ದರೆ ಒತ್ತಬೇಡಿ.

5600ರಲ್ಲಿ ಗ್ರಾಫಿಕ್ಸ್ ಇಲ್ಲ. ಮಾನಿಟರ್ ಕೇಬಲ್ ಬೋರ್ಡಿನ ಎಚ್‌ಡಿಎಂಐಗೆ ಹಾಕಿದರೆ ಏನೂ ಬರುವುದಿಲ್ಲ, ಕಾರ್ಡಿಗೇ ಹಾಕಬೇಕು.

ಬಯೋಸ್‌ನಲ್ಲಿ ಮಾಡಬೇಕಾದ್ದು ಮೂರೇ. ಎಕ್ಸ್‌ಎಂಪಿ ಆನ್ ಮಾಡಿ, ಇಲ್ಲದಿದ್ದರೆ 3200ರ ರ‍್ಯಾಮ್ 2133 ಅಥವಾ 2400ರಲ್ಲಿ ತೆವಳಬಹುದು. ಸಿಎಸ್‌ಎಂ (ಹಳೆಯ ಬೂಟ್ ವಿಧಾನ) ಆಫ್ ಮಾಡಿ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನೆಲ್ಲ ಒಮ್ಮೆಗೇ ತಲುಪುವ ಸೌಲಭ್ಯ) ಆನ್ ಮಾಡಿ. ಎಫ್‌ಟಿಪಿಎಂ (ಪ್ರೊಸೆಸರ್ ಒಳಗೇ ಇರುವ ಟಿಪಿಎಂ) ಮತ್ತು ಸೆಕ್ಯೂರ್ ಬೂಟ್ ಆನ್ ಮಾಡಿ. ಇವನ್ನೆಲ್ಲ ವಿಂಡೋಸ್ ಹಾಕುವ ಮೊದಲೇ ಮುಗಿಸಿ, ಆಮೇಲೆ ಸಿಎಸ್‌ಎಂ ಬದಲಿಸಿದರೆ ಡಿಸ್ಕನ್ನು ವಿಭಾಗಿಸುವ ಹಳೆಯ ಎಂಬಿಆರ್ ಮಾದರಿಯಲ್ಲಿ ಹಾಕಿದ ವಿಂಡೋಸ್ ಏಳುವುದಿಲ್ಲ.

ಅಂಗಡಿಯಲ್ಲೇ ನೋಡಿಕೊಂಡು ಬರಬೇಕಾದ್ದು

ಎಸ್.ಪಿ. ರೋಡಿಗೆ ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆದು ಹೋಗುವುದು ಸುಲಭ, ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಭಾನುವಾರ ಬಹುಪಾಲು ಅಂಗಡಿ ಮುಚ್ಚಿರುತ್ತವೆ. ಬೆಳಿಗ್ಗೆಯೇ ಹೋಗಿ, ಜೋಡಿಸಿಕೊಡುವ ಅಂಗಡಿಯಾದರೆ ಪರೀಕ್ಷೆಗೆ ಅರ್ಧ ಗಂಟೆ ಕೇಳಿ. ಒಂದು ಪೆನ್‌ಡ್ರೈವ್‌ನಲ್ಲಿ ಸಿಪಿಯು-ಝಡ್, ಜಿಪಿಯು-ಝಡ್, ಕ್ರಿಸ್ಟಲ್ ಡಿಸ್ಕ್ ಇನ್ಫೊ, ಒಸಿಸಿಟಿ ಎಂಬ ಪರೀಕ್ಷಾ ತಂತ್ರಾಂಶಗಳನ್ನು ಹಾಕಿಕೊಂಡು ಹೋಗಿ, ನಾಲ್ಕೂ ಉಚಿತವಾಗಿ ಸಿಗುತ್ತವೆ.

ಜಿಪಿಯು-ಝಡ್‌ನಲ್ಲಿ ಶೇಡರ್ ಎದುರು 1792 ಎಂದಿರಬೇಕು. ಬಸ್ ಇಂಟರ್‌ಫೇಸ್ ಸುಮ್ಮನಿರುವಾಗ 1.1 ಎಂದು ತೋರಿಸಿದರೆ ಗಾಬರಿ ಬೇಡ, ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಭಾರ ಹಾಕಿದಾಗ 4.0ಕ್ಕೆ ಏರುತ್ತದೆ. ಸಿಪಿಯು-ಝಡ್‌ನ ಮೆಮೊರಿ ಪುಟದಲ್ಲಿ ಡ್ರ್ಯಾಮ್ ಫ್ರೀಕ್ವೆನ್ಸಿ 1600ರ ಹತ್ತಿರ ಇರಬೇಕು, ಅದರ ಎರಡರಷ್ಟೇ 3200. ಚಾನೆಲ್ ಎದುರು ಎರಡು ಎಂಬ ಸೂಚನೆ ಇರಬೇಕು. ಕ್ರಿಸ್ಟಲ್ ಡಿಸ್ಕ್ ಇನ್ಫೊದಲ್ಲಿ ಎಸ್‌ಎಸ್‌ಡಿ ಓಡಿದ ಗಂಟೆಗಳು ಬೆರಳೆಣಿಕೆಯಷ್ಟಿರಬೇಕು, ನೂರಾರು ಗಂಟೆ ಇದ್ದರೆ ಅದು ಹೊಸದಲ್ಲ. ಕೊನೆಗೆ ಒಸಿಸಿಟಿಯಲ್ಲಿ ಪ್ರೊಸೆಸರ್ ಮತ್ತು ಕಾರ್ಡ್ ಎರಡಕ್ಕೂ ಒಟ್ಟಿಗೆ ಇಪ್ಪತ್ತು ನಿಮಿಷ ಭಾರ ಕೊಡಿಸಿ. ಡಬ್ಬಿಯ ಕೂಲರ್‌ನಲ್ಲಿ ಪ್ರೊಸೆಸರ್ 80 ಡಿಗ್ರಿ ಆಸುಪಾಸಿಗೆ ಬಂದರೆ ಸಹಜ, 90 ಮುಟ್ಟುತ್ತಿದ್ದರೆ ಕೂಲರ್ ಸರಿ ಕೂತಿಲ್ಲ. ಎಸ್‌ಎಂಪಿಎಸ್ ದುರ್ಬಲವಾಗಿದ್ದರೆ ಅದೂ ಈ ಇಪ್ಪತ್ತು ನಿಮಿಷದಲ್ಲೇ ಹೆಚ್ಚಾಗಿ ಹೊರಬೀಳುತ್ತದೆ.

ಜಿಎಸ್‌ಟಿ ಬಿಲ್‌ನಲ್ಲಿ ಪ್ರತಿ ಭಾಗದ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರಲಿ. "ಅಸೆಂಬಲ್ಡ್ ಪಿಸಿ, ಒಂದು" ಎಂದು ಒಂದೇ ಸಾಲು ಬರೆದ ಬಿಲ್ ಹಿಡಿದು ಕಾರ್ಡಿನ ಸರ್ವಿಸ್ ಸೆಂಟರ್‌ಗೆ ಹೋದರೆ ವಾರಂಟಿ ಸಾಧಿಸುವುದು ಕಷ್ಟ. ಬಿಲ್ ಇಲ್ಲದೆ ಎರಡು ಸಾವಿರ ಕಡಿಮೆ ಎಂದರೆ ಬೇಡ ಎನ್ನಿ, ಮುಂದೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬೇಕೆಂದರೂ ಕೈಯಲ್ಲಿ ಆಧಾರ ಇರುವುದಿಲ್ಲ. ಕಾರ್ಡ್ ಮತ್ತು ಬೋರ್ಡಿನ ಡಬ್ಬಿಗಳನ್ನು ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲೆ ಇಡಿ.

ಮನೆಗೆ ಬಂದ ಮೇಲೆ ಮಾನಿಟರ್ 144 ಹರ್ಟ್ಸ್ ಇದ್ದರೂ ವಿಂಡೋಸ್ ಅದನ್ನು 60ರಲ್ಲಿ ಓಡಿಸುತ್ತಿರಬಹುದು. ಡಿಸ್‌ಪ್ಲೇ ಸೆಟ್ಟಿಂಗ್‌ನ ಅಡ್ವಾನ್ಸ್‌ಡ್ ಪುಟಕ್ಕೆ ಹೋಗಿ ಒಮ್ಮೆ ಬದಲಿಸಬೇಕು. ಇದೊಂದು ಗೊತ್ತಿಲ್ಲದೆ ವರ್ಷಗಟ್ಟಲೆ 60ರಲ್ಲೇ ಆಡುವವರು ಬಹಳ.

ಈ ಸೆಟ್ ಯಾರಿಗೆ ಬೇಡ ಎನ್ನುವುದೂ ಸ್ಪಷ್ಟ. 1440ಪಿ ಮಾನಿಟರ್ ಈಗಾಗಲೇ ಇರುವವರು, ರೇ ಟ್ರೇಸಿಂಗ್ ಬೇಕೆನ್ನುವವರು, ಎಂಬತ್ತು ಸಾವಿರ ದಾಟಬಲ್ಲವರು ಎಎಂ5 ಕಡೆ ಹೋಗಲಿ. ಎಎಂ4ಗೆ ಹೊಸ ತಲೆಮಾರಿನ ಪ್ರೊಸೆಸರ್ ಬರುವುದಿಲ್ಲ. ಆದರೂ ದಾರಿ ಪೂರ್ತಿ ಮುಚ್ಚಿಲ್ಲ: ಎರಡು ಮೂರು ವರ್ಷ ಬಿಟ್ಟು ಕಾರ್ಡ್ ಬದಲಿಸಿದಾಗ ಪ್ರೊಸೆಸರ್ ಹಿಂದೆ ಬಿದ್ದರೆ ಇದೇ ಬಿ550 ಬೋರ್ಡಿನಲ್ಲಿ 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ಕೂರುತ್ತದೆ. ಎರಡರಲ್ಲೂ ಎಲ್3 ಕ್ಯಾಶ್ 96 ಎಂಬಿ. ಆಗ ಡಬ್ಬಿಯ ಕೂಲರ್ ಸಾಲದು, 120 ಮಿಲಿಮೀಟರ್ ಫ್ಯಾನ್ ಇರುವ ಗೋಪುರದಾಕಾರದ ಕೂಲರ್ ಬೇಕು. ಹಾಗಾಗಿ ಇವತ್ತು ಕ್ಯಾಬಿನೆಟ್ ಆರಿಸುವಾಗಲೇ 155 ಮಿಲಿಮೀಟರ್‌ಗಿಂತ ಎತ್ತರದ ಕೂಲರ್‌ಗೆ ಜಾಗ ಇದೆಯೇ ಎಂದು ಅದರ ವಿವರದಲ್ಲಿ ನೋಡಿಕೊಳ್ಳಿ.